ಸಹಿ ಮಾಡುವ ಕೈ

ಬೆಳಗಿನ ಆರಕ್ಕೆ ಓಣಿಯ ಪವರ್‌ಲೂಮ್‌ಗಳು ಖಟಪಟ ಎಂದು ಶುರುವಾಗುತ್ತವೆ. ಗೋಡೆ ನಡುಗುತ್ತದೆ, ಗಡಿಗೆಯ ನೀರು ನಡುಗುತ್ತದೆ. ಈ ಸದ್ದಿನಲ್ಲೇ ಹುಟ್ಟಿದವರಿಗೆ ಅದು ಕೇಳಿಸುವುದಿಲ್ಲ. ನಿಂತಾಗ ಮಾತ್ರ ಕೇಳಿಸುತ್ತದೆ. ಕರೆಂಟು ಇದ್ದೂ ಹಗಲು ಒಂದು ಮಗ್ಗ ಥಟ್ಟನೆ ನಿಂತರೆ ಅಕ್ಕಪಕ್ಕದವರು ಕೈಲಿದ್ದ ಕೆಲಸ ಬಿಟ್ಟು ಹೊರಗೆ ಬರುತ್ತಾರೆ. ಯಾರಿಗೋ ಏನೋ ಆಗಿದೆ ಎಂದೇ ಅರ್ಥ.

ಏಪ್ರಿಲ್ ತಿಂಗಳ ಒಂದು ಮಂಗಳವಾರ ಗೂಳಪ್ಪನ ಮಗ್ಗ ಹಾಗೆ ನಿಂತಿತು.

ಎರಡು ಮನೆ ಆಚೆ ಅನಸವ್ವ ಬಾಗಿಲಲ್ಲಿ ಕೂತು ಮಗ್ಗದ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು. ಬನಹಟ್ಟಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ಆ ಸಣ್ಣ ಊರಿನ ಪಟ್ಟಣ ಪಂಚಾಯತಿಗೆ ಅವಳು ವಿರೋಧ ಪಕ್ಷದ ಸದಸ್ಯೆ. ಹತ್ತೊಂಬತ್ತು ಮತಗಳಿಂದ ಗೆದ್ದಿದ್ದಳು. ಗೆದ್ದ ಮೇಲೂ ಬೆಳಗ್ಗೆ ರಾಟೆಯ ಮುಂದೆ ಕೂರುವುದು ತಪ್ಪಿರಲಿಲ್ಲ.

ಅವಳು ಓಡಿ ಹೋಗುವಷ್ಟರಲ್ಲಿ ಜೆಸಿಬಿಯ ಹಲ್ಲು ಗೂಳಪ್ಪನ ಶೆಡ್ಡಿನ ಗೋಡೆಯನ್ನು ಸೀಳಿತ್ತು. ಅರವತ್ತು ದಾಟಿದ ಆ ಮುದುಕ ಮಗ್ಗವನ್ನು ಎರಡೂ ಕೈಯಲ್ಲಿ ತಬ್ಬಿ ನಿಂತಿದ್ದ. ಪಂಚಾಯತಿ ಗುತ್ತಿಗೆದಾರನ ಇಬ್ಬರು ಆಳುಗಳು ಅವನ ಬೆನ್ನಿಗೆ, ಭುಜಕ್ಕೆ ಬಡಿಗೆಯಿಂದ ಹೊಡೆಯುತ್ತಿದ್ದರು. ಅವನು ಬಿಡಲಿಲ್ಲ. ಮೂರನೆಯವನು ಮುಖಕ್ಕೆ ಹೊಡೆದ. ಅರ್ಧ ನೇಯ್ದ ಹಳದಿ ಸೀರೆಯ ಮೇಲೆ ರಕ್ತ ಹನಿಹನಿಯಾಗಿ ಬಿದ್ದು, ಎಳೆ ಹಿಡಿದು ಹರಡಿತು. ಗೂಳಪ್ಪನ ಎಡಗಣ್ಣು ಅಂದೇ ಹೋಯಿತು.

ಓಣಿಯ ಹೆಂಗಸರು ಜೆಸಿಬಿಯ ಗಾಲಿಗೆ ಅಡ್ಡ ಕೂತರು. ಅನಸವ್ವ ಹುಕುಂ ತೋರಿಸು ಎಂದಳು. ಗುತ್ತಿಗೆದಾರ ನಗುತ್ತ ಒಂದು ಹಾಳೆ ಕೊಟ್ಟ.

"ನೀವ ಮಾಡೀರಲ್ರಿ ಬಾಯಾರ. ನಿಮ್ಮ ಸಹಿ ಐತಿ ನೋಡ್ರಿ."

ಅದು ಪಂಚಾಯತಿ ಸಭೆಯ ನಿರ್ಣಯದ, ಠರಾವಿನ ಪ್ರತಿ. ಓಣಿಯ ಇಪ್ಪತ್ತಮೂರು ಶೆಡ್ಡುಗಳೂ ಅತಿಕ್ರಮಣ, ಸರ್ವಾನುಮತದಿಂದ ತೆರವು ಎಂದು ಬರೆದಿತ್ತು. ಕೆಳಗೆ ಅವಳದೇ ಸಹಿ. ಹಿಂದಿನ ಸಭೆಯಲ್ಲಿ ಹಾಜರಿಗೆಂದು ಠರಾವು ಪುಸ್ತಕದಲ್ಲಿ ಸಹಿ ಮಾಡಿಸಿಕೊಂಡಾಗ ಮೇಲಿನ ಅರ್ಧ ಪುಟ ಖಾಲಿ ಇತ್ತು. ಅದು ಅವಳಿಗೆ ಚೆನ್ನಾಗಿ ನೆನಪಿತ್ತು.

ಎರಡನೇ ಇಯತ್ತೆಗೆ ಸಾಲೆ ಬಿಟ್ಟವಳು ಅನಸವ್ವ. ಗೆದ್ದ ಮೇಲೆ ಮಗಳು ಅಕ್ಷತಾ ಅವಳಿಗೆ ಅಕ್ಷರ ತಿದ್ದಿಸಿದ್ದಳು. ಪೆನ್ನು ಎಡಗೈಗೇ ಹೋಯಿತು. ಕಂಡಿಕೆ ಸುತ್ತುವಾಗ ಬಲಗೈ ಬರೀ ರಾಟೆ ತಿರುಗಿಸುತ್ತದೆ. ಎಳೆಯನ್ನು ಹಿಡಿದು, ಸಡಿಲವೋ ಬಿಗಿಯೋ ನೋಡುವುದು ಎಡಗೈ. ಮೂವತ್ತು ವರ್ಷ ಎಳೆ ಹಿಡಿದ ಬೆರಳುಗಳು ಅಕ್ಷರವನ್ನೂ ಹಿಡಿದವು. ಮೊದಲ ಸಭೆಯಲ್ಲಿ ಅವಳು ಸಹಿ ಮಾಡುವುದನ್ನು ನೋಡಿ ಅಧ್ಯಕ್ಷ ಪರಮಾನಂದ ನಕ್ಕಿದ್ದ.

"ಊಟಾನೂ ಅದ ಕೈಲೆ ಏನ್ರಿ ಅಕ್ಕಾರ?"

ಎಲ್ಲರೂ ನಕ್ಕಿದ್ದರು. ಆಮೇಲೆ ಎಲ್ಲರೂ ಮರೆತಿದ್ದರು.

ಮುಂದಿನ ಸೋಮವಾರದ ಸಭೆಯಲ್ಲಿ ಆ ಠರಾವು ಖಾಯಂ ಆಗಬೇಕಿತ್ತು. ಖಾಯಂ ಆಯಿತೆಂದರೆ ಉಳಿದ ಇಪ್ಪತ್ತೆರಡು ಶೆಡ್ಡುಗಳೂ ಹೋದಂತೆಯೇ. ಅನಸವ್ವ ಮುಖ್ಯಾಧಿಕಾರಿಯ ಬಳಿ ಹೋದಳು.

"ಬಾಯಿಮಾತು ನಡಿಯಂಗಿಲ್ರಿ," ಎಂದ ಅವನು ಫೈಲಿನಿಂದ ತಲೆ ಎತ್ತದೆ. "ಒಪ್ಪಿಲ್ಲಂತ ಸಭಾದಾಗ ನಿಮ್ಮ ಕೈಯಾರೆ ಬರದು ಸಹಿ ಹಾಕ್ಬೇಕು. ಅಷ್ಟ."

ಹಾಗೊಂದು ಬರಹ ಇದ್ದರೆ ತಡೆ ತರಬಹುದು ಎಂದು ಜಮಖಂಡಿಯ ವಕೀಲರೂ ಹೇಳಿದರು. ಅವಳ ಪಕ್ಷದ ಉಳಿದ ಮೂವರನ್ನು ಪರಮಾನಂದ ಅಷ್ಟರಲ್ಲಿ ಗೋವಾಕ್ಕೆ ಕಳಿಸಿಬಿಟ್ಟಿದ್ದ. ಬರೆಯುವವಳು ಇವಳೊಬ್ಬಳೇ.

ಸೋಮವಾರ ಹತ್ತೂವರೆಗೆ ಪಂಚಾಯತಿಯ ಹಿಂದಿನ ಹಾದಿಯಲ್ಲಿ ಒಂದು ಜೀಪು ನಿಂತಿತ್ತು. ಮೂವರು ಇಳಿದರು, ಪರ ಊರಿನವರು. ಸಭೆಗೆ ಹೊರಟಿದ್ದ ಅನಸವ್ವನ ತುರುಬು ಹಿಡಿದು, ಬಾಗಿಲು ಕೂರಿಸದ ಹೊಸ ಮಳಿಗೆಯೊಂದರೊಳಗೆ ಎಳೆದರು. ಹೊಟ್ಟೆಗೆ ಒದ್ದರು. ಅವಳು ಮರಳಿನ ಮೇಲೆ ಬಿದ್ದಳು. ಒಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ ಇತ್ತು.

"ಸಹಿ ಮಾಡೋ ಕೈ ಚಾಚು ಬೇ."

ಅನಸವ್ವ ಎಡಗೈಯನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿದಳು. ಆಮೇಲೆ ಬಲಗೈಯನ್ನು ಎದೆಗೆ ಒತ್ತಿಕೊಂಡು ಮಗುಚಿ ಮಲಗಿದಳು.

"ಕೈ ಒಂದ ಬಿಡ್ರೋ ಯಪ್ಪಾ! ನಿಮ್ಮ ಕಾಲ ಬೀಳ್ತೀನಿ. ತಲಿ ಒಡೀರಿ, ಈ ಕೈ ಬಿಡ್ರಿ!"

ಅವರು ಅದನ್ನೇ ಹುಡುಕುತ್ತಿದ್ದರು. ಎದೆಯಡಿಯಿಂದ ಆ ಬಲಗೈಯನ್ನು ಕಿತ್ತೆಳೆದು ಹೊಸ್ತಿಲ ಕಲ್ಲಿನ ಮೇಲಿಟ್ಟು ತುಳಿದು ಹಿಡಿದರು. ಮೊದಲ ಏಟಿಗೆ ಅವಳು ಕೂಗಿದಳು. ಎರಡನೆಯದಕ್ಕೆ ಎಲುಬಿನ ಸದ್ದು ಕೇಳಿತು. ಮೂರನೆಯದಕ್ಕೆ ಅವಳ ಬಾಯಿಂದ ಸದ್ದೇ ಬರಲಿಲ್ಲ. ಎಡಗೈ ಅಷ್ಟು ಹೊತ್ತೂ ಸೆರಗಿನೊಳಗೆ ಮರಳನ್ನು ಮುಷ್ಟಿ ಕಟ್ಟಿ ಹಿಡಿದಿತ್ತು. ಹೋಗುವಾಗ ಅವರಲ್ಲೊಬ್ಬ ಹಾರಿಬಿದ್ದಿದ್ದ ಅವಳ ಚಪ್ಪಲಿಯನ್ನು ಕಾಲಿನ ಹತ್ತಿರ ಸರಿಸಿಟ್ಟ. ಯಾಕೆಂದು ಅವಳಿಗೆ ಇವತ್ತಿಗೂ ತಿಳಿದಿಲ್ಲ.

ಸುದ್ದಿ ಕೇಳಿ ಓಡಿ ಬಂದ ಅಕ್ಷತಾ ದವಾಖಾನೆಗೆ ನಡಿ ಎಂದು ಅತ್ತಳು.

"ಮೊದ್ಲ ಕಟ್ಟು," ಎಂದಳು ಅನಸವ್ವ. "ಎದಿಗೆ ಬಿಗದು ಕಟ್ಟು. ಅಳೂದು ಆಮ್ಯಾಲೆ."

ಅವಳು ಸಭೆಗೆ ಬಂದಾಗ ಪರಮಾನಂದ ಚಹಾ ಕುಡಿಯುತ್ತಿದ್ದ.

"ಅಯ್ಯ, ಏನಾತ್ರಿ ಅಕ್ಕಾರ? ಎಲ್ಲೆರ ಬಿದ್ರೇನ?"

"ಹೂಂ. ನಿಮ್ಮ ಮಂದಿ ಎಬ್ಬಿಸಿ ಕಳಿಸಿದ್ರು."

ಠರಾವು ಪುಸ್ತಕ ಸುತ್ತು ಬಂತು. ಮುಖ್ಯಾಧಿಕಾರಿ ಅವಳ ಕಟ್ಟನ್ನು ನೋಡಿ, "ಬರೀಲಿಕ್ಕೆ ಆಗಂಗಿಲ್ಲಲ್ರಿ, ಮುಂದ ಹೋಗೂಣು," ಎಂದ. ಅನಸವ್ವ ಎಡಗೈ ಚಾಚಿ ಪುಸ್ತಕವನ್ನು ಎಳೆದುಕೊಂಡಳು. ಪರಮಾನಂದನ ಚಹಾ ಲೋಟ ತುಟಿಯ ಹತ್ತಿರ ನಿಂತಿತು. ಕೈ ಮುರಿಯಿರಿ ಎಂದಿದ್ದ ಅವನು. ಯಾವ ಕೈ ಎಂದು ಹೇಳುವುದು ಅವನಿಗೆ ಹೊಳೆದೇ ಇರಲಿಲ್ಲ.

ಅವಳು ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದಳು: ನಾನು ಒಪ್ಪಿಲ್ಲ. ಖಾಲಿ ಹಾಳೆಗೆ ಸಹಿ ತಗೊಂಡಾರ. ಗೂಳಪ್ಪನ ಕಣ್ಣು ಹೋಗೈತಿ. ಕೊನೆಯ ಸಾಲಿಗೆ ಅಂಟಿಕೊಂಡೇ ಸಹಿ ಮಾಡಿದಳು, ನಡುವೆ ಒಂದು ಎಳೆಯೂ ತೂರದ ಹಾಗೆ.

ಪರಮಾನಂದ ಎದ್ದು ಬಂದು ಅವಳ ಕೆನ್ನೆಗೆ ಹೊಡೆದ. ಎಲ್ಲರ ಮುಂದೆಯೇ. ಪುಸ್ತಕಕ್ಕೆ ಕೈ ಹಾಕಿದ. ಅವಳು ಅದರ ಮೇಲೆ ಮೈಚೆಲ್ಲಿದಳು. ಮುರಿದ ಕೈ ಮೇಜಿಗೂ ಎದೆಗೂ ನಡುವೆ ಸಿಕ್ಕಿ ಅವಳಿಗೆ ಕಣ್ಣು ಕತ್ತಲಿಟ್ಟಿತು. ಅವನು ಭುಜ ಹಿಡಿದು ಎತ್ತಿ ಎಸೆದ. ತೆರೆದ ಪುಟ ಒಂದು ಕ್ಷಣ ಹಾಗೇ ಉಳಿಯಿತು. ಆಳುವ ಪಕ್ಷದ ಸದಸ್ಯೆ ನಂದಾ ಕೂತಲ್ಲಿಂದ ಎದ್ದು, ಮೊಬೈಲ್ ಹಿಡಿದು, ಆ ಪುಟದ ಫೋಟೊ ತೆಗೆದಳು.

"ಏ ನಂದಾ! ತಲಿ ಕೆಟ್ಟೈತೇನ?"

"ಪುಸ್ತಕ ಹರದ್ರೂ ಇದು ಇರ್ತೈತ್ರಿ," ಎಂದು ಅವಳು ಕೂತಳು. ಅನಸವ್ವನ ಕಡೆ ನೋಡಲಿಲ್ಲ.

ಜಮಖಂಡಿ ಕೋರ್ಟು ತಡೆ ಕೊಟ್ಟಿತು, ಮುಂದಿನ ತಾರೀಖಿನವರೆಗೆ. ಅನಸವ್ವನ ಬಲ ಮಣಿಕಟ್ಟು ಸೊಟ್ಟಗೇ ಕೂಡಿಕೊಂಡಿದೆ. ಈಗ ರಾಟೆ ತಿರುಗಿಸುವುದು ಅಕ್ಷತಾ, ಎಳೆ ಹಿಡಿಯುವುದು ಅವ್ವ.

ಮೊನ್ನೆ ಗೂಳಪ್ಪ ಬಂದು ಕಟ್ಟೆಯ ಮೇಲೆ ಕೂತ. ಇರುವ ಒಂದೇ ಕಣ್ಣಲ್ಲಿ ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ಈ ಸಲ ತಪ್ಪು ಮಾಡಂಗಿಲ್ಲ ಅವ್ರು, ಅನಸವ್ವಾ. ಯಾವ ಕೈ ಅಂತ ಊರಿಗೆಲ್ಲಾ ಗೊತ್ತಾತು."

"ಮುರೀಲಿ ಬಿಡೋ ಕಾಕಾ. ಅಷ್ಟರಾಗ ಈ ಓಣಿ ಹೆಂಗಸರಿಗೆಲ್ಲಾ ನಾ ಬರಿಯೂದು..."

ಓಣಿಯ ಆ ತುದಿಯಲ್ಲಿ ಒಂದು ಮಗ್ಗ ನಿಂತಿತು. ಮೇಲೆ ಬಲ್ಬು ಉರಿಯುತ್ತಲೇ ಇತ್ತು. ಅನಸವ್ವ ಎಳೆ ಹರಿದು, ಕಂಡಿಕೆಯನ್ನು ಬುಟ್ಟಿಯಲ್ಲಿ ಹಾಕಿ, ಸೆರಗು ಸಿಕ್ಕಿಸಿಕೊಂಡು ಆ ಕಡೆ ನಡೆದುಬಿಟ್ಟಳು.