ಸೊಂಟಕ್ಕೆ ಕಟ್ಟಿದ ಕೀಲಿ

ಚೇಚಿಯ ಅಂಗಾಲು ಬಾಣಲೆಯ ತಳದ ಹಾಗೆ ಕರ್ರಗಿತ್ತು. ಹಸಿ ಕಾಳುಮೆಣಸಿನ ಗೊಂಚಲನ್ನು ವರ್ಷವರ್ಷವೂ ಕಾಲಲ್ಲೇ ತುಳಿದು ಬಿಡಿಸಿ ಹತ್ತಿದ ಬಣ್ಣ, ಉಜ್ಜಿದರೂ ಹೋಗದು. ಮುಳ್ಳನ್ಕೊಲ್ಲಿಯಲ್ಲಿ ನಮ್ಮ ಬೇಲಿಯಾಚೆ ಅವಳ ಮನೆ. ಅವಳು ಮಲಯಾಳಿ, ನಾವು ಹೊಳೆಯಾಚೆಯಿಂದ ಬಂದ ಕನ್ನಡದವರು. ಅಕ್ಕನಿಗೆ ಅವರು ಚೇಚಿ ಅನ್ನುತ್ತಾರೆ, ನಾನೂ ಹಾಗೇ ಕರೆದೆ. ಮಾತು ಒರಟು. ಯಾರ ಮನೆಗೆ ಹೋದರೂ ಕೂರುತ್ತಿರಲಿಲ್ಲ; ಬಾಗಿಲಿಗೆ ಒರಗಿ ನಿಂತೇ ಚಹಾ ಕುಡಿದು ಹೋಗುವವಳು.

ನನ್ನ ಮಗಳಿಗೆ ಚಿಕ್ಕಂದಿನಲ್ಲೇ ಫಿಟ್ಸ್ ಶುರುವಾಯಿತು. ಆಸ್ಪತ್ರೆಯ ಮಾತ್ರೆ ಕೊಟ್ಟರೂ ಬರುತ್ತಿತ್ತು. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಹಿಡಿಸಬೇಕು ಎಂಬುದು ನಮ್ಮವರ ರೂಢಿ. ಮಗು ಕಣ್ಣು ಮೇಲೆ ಮಾಡಿದ ಕೂಡಲೇ ಕೀಲಿಯೋ ಕತ್ತಿಯೋ ಹುಡುಕುತ್ತಾ ನಾನು ಅಂಗಳಕ್ಕೆ ಓಡುತ್ತಿದ್ದೆ. ಆ ಮುಖ ನೋಡಲು ಹೆದರಿಕೆ. ಒಂದು ಸಲ ಕತ್ತಿ ಹಿಡಿದು ಬರುವಷ್ಟರಲ್ಲಿ ಮಗು ಒಲೆಯ ಬಾಯಿಗೆ ಉರುಳಿತ್ತು. ಕೂದಲು ಸುಟ್ಟ ವಾಸನೆ.

ಸುದ್ದಿ ಹೊಳೆ ದಾಟಿತು. ಅತ್ತೆ ದೋಣಿ ಹತ್ತಿ ಬಂದರು. "ನಿನ್ ಕೈಲಿ ಈ ಕೂಸು ಉಳಿಯಕಿಲ್ಲ ಕಣವ್ವ. ನಾಡಿದ್ದು ಬಂದು ಕರ್ಕೊಂಡೋಯ್ತೀನಿ" ಅಂದರು. ಗಂಡ ನೆಲ ನೋಡಿದ. ಅತ್ತೆಯ ಮಾತು ಸರಿ ಎಂದೇ ನನಗೂ ಅನ್ನಿಸಿತು. ಹೆಚ್ಚು ಹೆದರಿದ್ದು ಅದಕ್ಕೇ.

ಸಂಜೆ ಚೇಚಿ ತನ್ನ ಮೆಣಸಿನ ಕೋಣೆಯ ಹಳೆಯ ಕಬ್ಬಿಣದ ಕೀಲಿ ತಂದು, ದಾರಕ್ಕೆ ಪೋಣಿಸಿ ನನ್ನ ಸೊಂಟಕ್ಕೆ ಬಿಗಿದಳು.

"ಕೂಸಿಗೆ ಕಟ್ಟು ಚೇಚಿ, ನಂಗ್ಯಾಕೆ?" ಅಂದೆ.

"ಎಡೀ ಹುಡ್ಗೀ, ಓಡೋದು ಕೂಸಲ್ಲ, ನೀನು. ಕೋಳಿ ಕೂಡ ಮರಿ ಬಿಟ್ಟು ಹಾಗೆ ಓಡಲ್ಲ. ಕಬ್ಬಿಣ ಇಲ್ಲೇ ಉಂಟು, ಇನ್ನೆಲ್ಲಿಗೆ ಓಡ್ತೀ? ಪಕ್ಕಕ್ಕೆ ಮಲಗ್ಸು, ತಲೆ ಕೆಳಗೆ ಬಟ್ಟೆ ಇಡು, ಅಲ್ಲೇ ಕೂತ್ಕೋ."

"ನಂಗೆ ಹೆದ್ರಿಕೆ ಆಗ್ತದೆ."

"ಆಗ್ಲಿ."

ಹೇಳಿದ ದಿನವೇ ಅತ್ತೆ ಬಂದು ಮಗುವಿನ ಬಟ್ಟೆಯನ್ನು ಚೀಲಕ್ಕೆ ತುಂಬುತ್ತಿದ್ದಾಗಲೇ ಮಗು ಬಿತ್ತು. ನನ್ನ ಕಾಲು ಬಾಗಿಲ ಕಡೆ ತಿರುಗಿತು. ಬಾಗಿಲಲ್ಲಿ ಚೇಚಿ, ಕೈಕಟ್ಟಿಕೊಂಡು.

"ಚೇಚಿ, ಹಿಡ್ಕೋ ಬಾ" ಎಂದು ಕೂಗಿದೆ.

"ನಾನ್ ಬರಲ್ಲ. ಅಮ್ಮ ಒಳಗೇ ಇದಾಳಲ್ಲ" ಅಂದಳು. ಕದಲಲಿಲ್ಲ.

ಕೂತೆ. ಮಗುವನ್ನು ಪಕ್ಕಕ್ಕೆ ಹೊರಳಿಸಿ, ಸೆರಗು ಮಡಚಿ ತಲೆಯಡಿ ಇಟ್ಟೆ. ನೊರೆ ಒರೆಸಿದೆ. ಅತ್ತೆ ಮೂಲೆಯಲ್ಲಿ ನಿಂತು "ಕಬ್ಬಿಣ, ಕಬ್ಬಿಣ" ಅನ್ನುತ್ತಿದ್ದರು. ಸೊಂಟದ ಕೀಲಿ ನನಗೆ ನೆನಪಿಗೇ ಬರಲಿಲ್ಲ. ಮಗು ಸತ್ತೇ ಹೋಗುತ್ತದೆ ಅಂದುಕೊಂಡೆ, ಆದರೂ ಏಳಲಿಲ್ಲ. ಅದು ಕಣ್ಣು ಬಿಟ್ಟಾಗ ಎದುರಿಗೆ ನಾನಿದ್ದೆ.

ಅತ್ತೆ ಚೀಲದ ಬಟ್ಟೆಯನ್ನೆಲ್ಲ ತೆಗೆದು, ಮಡಚಿ, ಮತ್ತೆ ಹಾಸಿಗೆಯ ಮೇಲಿಟ್ಟರು.

"ಈ ಮನೇಲಿ ಚಾಯ ಇಲ್ವಾ?" ಅಂದಳು ಚೇಚಿ, ನಿಂತಲ್ಲೇ.

ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಹೊದಿಸಿದ ಬಿಳಿ ಬಟ್ಟೆಯಿಂದ ಅಂಗಾಲು ಮಾತ್ರ ಹೊರಗಿತ್ತು, ಹಾಗೇ ಕರ್ರಗೆ. ಕೀಲಿ ವಾಪಸು ಕೊಡೋಣವೆಂದು ಬಿಚ್ಚಿಕೊಂಡು ಹೋಗಿದ್ದೆ. ಕೊಡಲಿಲ್ಲ.

ಮಗಳು ದೊಡ್ಡವಳಾದಳು, ಫಿಟ್ಸ್ ಬರುವುದು ಅಪರೂಪ. ನನ್ನ ಹೆದರಿಕೆ ಮಾತ್ರ ಹೋಗಿಲ್ಲ. ಒಳಗೆ ಒಂದು ಲೋಟ ಬಿದ್ದರೂ ಸಾಕು, ಈ ವಯಸ್ಸಿನಲ್ಲೂ ಓಡುತ್ತೇನೆ. ಆದರೆ ಒಳಕ್ಕೆ.