ಬಯ್ಯುವ ತಟ್ಟೆಗಳು

ಹುಣಸೆಹಣ್ಣಿನ ಮಡಕೆಗೆ ಮುಚ್ಚಳ ಯಾವುದಾದರೇನು, ಇಲಿ ಬೀಳದಿದ್ದರೆ ಸಾಕು ಎಂಬುದು ನಮ್ಮ ಅವ್ವನ ಸಿದ್ಧಾಂತ. ಹೋದ ತಿಂಗಳು ಹೊಸ ಹುಣಸೆಹಣ್ಣು ತುಂಬಿಡಲೆಂದು ಅಟ್ಟ ಹತ್ತಿ ಮಡಕೆಯನ್ನು ಎಳೆದರೆ, ಅದರ ಬಾಯಿಯ ಮೇಲೆ ಕಪ್ಪಗೆ, ದುಂಡಗೆ, ನಡುವೆ ತೂತಿರುವ ತಟ್ಟೆಯೊಂದು ಕೂತಿತ್ತು. ಆ ತೂತಿಗೂ ಹಳೇ ಸೀರೆಯ ಚಿಂದಿ ತುರುಕಿ ಭದ್ರ ಮಾಡಿದ್ದಳು. ಧೂಳು ಒರೆಸಿ ನೋಡಿದೆ: ಹಾಡಿನ ಗ್ರಾಮಫೋನ್ ತಟ್ಟೆ. ಸಾಕ್ಷಾತ್ ಹಾರ್ಡ್‌ಕೋರ್ ಪಂಕ್! ಸಮುದ್ರದಾಚೆಯ ಯಾವುದೋ ನಗರದ ನಾಲ್ಕು ಜನ ಹುಡುಗರು ಸರ್ಕಾರ, ಪೊಲೀಸು, ಇಸ್ಕೂಲು, ಹೆತ್ತವರು ಎಲ್ಲವನ್ನೂ ಸುಟ್ಟುಬಿಡುತ್ತೇವೆಂದು ಗಂಟಲು ಹರಿದುಕೊಂಡು ಅರಚಿದ್ದ ಆ ರೋಷವೆಲ್ಲ ಮಂಡ್ಯದ ಒಂದು ಅಟ್ಟದ ಮೇಲೆ ಇಷ್ಟು ವರ್ಷ ಹುಣಸೆಹಣ್ಣು ಕಾಯುತ್ತಾ ಕೂತಿತ್ತು. ಕ್ರಾಂತಿಯಿಂದ ಲೋಕಕ್ಕೇನು ಉಪಯೋಗವಾಯಿತು ಎಂದು ಕೇಳುವವರಿಗೆ ಇನ್ನು ಮುಂದೆ ನಾನು ಧೈರ್ಯವಾಗಿ ಉತ್ತರ ಕೊಡಬಲ್ಲೆ.

ಪಕ್ಕದಲ್ಲೇ ಗೋಣಿಚೀಲ ಹೊದ್ದಿದ್ದ ಪೆಟ್ಟಿಗೆಯಲ್ಲಿ ಅದರ ಬಂಧುಬಳಗವೆಲ್ಲ ಒತ್ತಾಗಿ ನಿಂತಿತ್ತು. ಇಂಥ ಸಂಪತ್ತು ನನ್ನಂಥವನ ಪಾಲಿಗೆ ಹೇಗೆ ಬಂತು ಎಂದು ನೀವು ಕೇಳಿಯೇ ಕೇಳುತ್ತೀರಿ. ನಾನು ಮೈಸೂರಿನಲ್ಲಿ ಓದುತ್ತಿದ್ದಾಗ ಪಕ್ಕದ ಕೋಣೆಗೆ ಒಬ್ಬ ಪರದೇಶಿ ಬಂದಿದ್ದ. ಯೋಗ ಕಲಿತು ಮನಶ್ಶಾಂತಿ ಪಡೆಯುವುದು ಅವನ ಉದ್ದೇಶ. ಪಡೆದ ಕೂಡಲೇ, ತನ್ನ ಪೂರ್ವಾಶ್ರಮದ ಗದ್ದಲವೆಲ್ಲ ಇದರಲ್ಲಿದೆ, ನನಗಿನ್ನು ಬೇಡ ಎಂದು ಈ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು ಊರಿಗೆ ಹೊರಟುಬಿಟ್ಟ. ನಮ್ಮ ಶಾಂತಿಯನ್ನು ಅವನು ಕೊಂಡೊಯ್ದ, ಅವನ ಅಶಾಂತಿಯನ್ನು ನಮಗೆ ಬಿಟ್ಟುಹೋದ. ಮದ್ದೂರಿನ ಕಾಲೇಜಿನಲ್ಲಿ ಕಾಮರ್ಸ್ ಹೇಳಿಕೊಡುವ ನಾನು, ಆಮದು-ರಫ್ತಿನ ಪಾಠ ಬಂದಾಗಲೆಲ್ಲ ಈ ವ್ಯವಹಾರವನ್ನು ನೆನೆದು ಒಳಗೊಳಗೇ ನಗುತ್ತೇನೆ.

ಈ ಸಂಗೀತವನ್ನು ಕೇಳದ ಪುಣ್ಯವಂತರಿಗಾಗಿ ಎರಡು ಮಾತು. ಸಂಸ್ಕೃತದಲ್ಲಿ ಪಂಕವೆಂದರೆ ಕೆಸರು. ಪಂಕದಲ್ಲಿ ಹುಟ್ಟಿದ್ದು ಪಂಕಜ, ಪಂಕ್‌ನಲ್ಲಿ ಹುಟ್ಟಿದ್ದು ತಲೆನೋವು. ದಾರ್ಶನಿಕರು ರಾಗದ್ವೇಷಗಳೆರಡನ್ನೂ ಬಿಡು ಎನ್ನುತ್ತಾರಷ್ಟೆ. ಈ ಹುಡುಗರು ರಾಗವನ್ನು ಮಾತ್ರ ಪೂರ್ತಿಯಾಗಿ ಬಿಟ್ಟಿದ್ದಾರೆ. ಒಂದೊಂದು ಹಾಡು ಹೆಚ್ಚೆಂದರೆ ಒಂದೂವರೆ ನಿಮಿಷ. ಆಲಾಪವಿಲ್ಲ, ಪಲ್ಲವಿಗೆ ಪುರುಸೊತ್ತಿಲ್ಲ, ಒಬ್ಬ ಅರಚುತ್ತಾನೆ, ಮಿಕ್ಕವರು ಹೌದು ಹೌದೆಂದು ಅರಚುತ್ತಾರೆ, ಎಲ್ಲರೂ ಒಟ್ಟಿಗೆ ಗೋಡೆಗೆ ಗುದ್ದಿದ ಹಾಗೆ ಹಾಡು ನಿಂತುಹೋಗುತ್ತದೆ. ಇದನ್ನು ಮೆಚ್ಚಿ ನಾನು ಬೆಂಗಳೂರಿನ ಫುಟ್‌ಪಾತುಗಳಲ್ಲಿ ಇನ್ನಷ್ಟು ಹುಡುಕಿ ತಂದೆ. ಇಡೀ ಮಂಡ್ಯ ಜಿಲ್ಲೆಯಲ್ಲಿ ಈ ವಿದ್ಯೆಗೆ ನಾನೊಬ್ಬನೇ ಪಂಡಿತನಾಗಿದ್ದೆ, ಹಾಗಾಗಿ ವಾದಕ್ಕೆ ಯಾರೂ ಬರಲಿಲ್ಲ.

ವಾದಕ್ಕೆ ಬಂದವಳು ಅವ್ವ ಒಬ್ಬಳೇ. ಸೂಜಿ ತಟ್ಟೆಗೆ ತಗಲುವುದೇ ತಡ, ಅಡುಗೆಮನೆಯಿಂದ ಕೂಗು ಬರುತ್ತಿತ್ತು: “ಏನ್ಲಾ ಅದು, ಅಂದಿ ಇಡ್ಯೋರು ಬಂದವ್ರಾ ಮನೆ ಒಳಕ್ಕೆ? ಆಪ್ ಮಾಡ್ಲಾ ಅದ್ನ, ಇಲ್ದಿದ್ರೆ ಎತ್ತಿ ನಾಲೆಗಾಕ್ಬುಡ್ತೀನಿ!” ಸತ್ಯ ಹೇಳುತ್ತೇನೆ, ಶಕ್ತಿಯಲ್ಲಾಗಲಿ ವೇಗದಲ್ಲಾಗಲಿ ಆ ತಟ್ಟೆಗಳು ಅವ್ವನ ಹತ್ತಿರ ಸುಳಿಯುವಂತಿರಲಿಲ್ಲ. ಆ ಹುಡುಗರಿಗೆ ಮೈಕು ಬೇಕಿತ್ತು.

ಹೊರಗಿನವರಿಗೆ ನಮ್ಮ ಸೀಮೆಯ ಮಾತು ಜಗಳದಂತೆ ಕೇಳಿಸುತ್ತದೆ. ನಾವು ಬಯ್ಯುತ್ತಿದ್ದೇವೆಂದರೆ ಎಲ್ಲ ಸರಿಯಾಗಿದೆ ಎಂದೇ ಅರ್ಥ. ‘ಏನ್ಲಾ, ಸತ್ತೋಗಿದ್ಯಾ ಅನ್ಕಂಡಿದ್ದೆ’ ಎಂದರೆ ನಿನ್ನನ್ನು ನೋಡದೆ ಬಹಳ ದಿನವಾಯಿತು, ಬೇಜಾರಾಗಿತ್ತು ಎಂದು ತಿಳಿಯಬೇಕು. ಹೆದರಬೇಕಾದ್ದು ಮರ್ಯಾದೆಗೆ. ಬೆಳಕವಾಡಿಯ ನಮ್ಮ ಮಾವ ಒಬ್ಬರು, ನಾನು ಹುಟ್ಟಿದಾಗಿನಿಂದ ನನ್ನನ್ನು ‘ಲೇ’ ಎಂದವರು ಒಂದು ದಿನ ‘ಬನ್ನಿ, ಕೂತ್ಕೊಳ್ಳಿ’ ಎಂದರು. ವಾರ ಕಳೆಯುವುದರೊಳಗೆ ಜಮೀನಿನ ತಕರಾರಿನ ನೋಟೀಸು ಬಂತು.

ಅವ್ವನಿಗೆ ಈ ವಿದ್ಯೆಯಲ್ಲಿ ಒಬ್ಬ ಸರಿಜೋಡಿ ಇದ್ದಳು. ಪಕ್ಕದ ಮನೆಯ ನಿಂಗಮ್ಮ, ನಮ್ಮಪ್ಪನ ಅಣ್ಣನ ಹೆಂಡತಿ, ನನಗೆ ದೊಡ್ಡವ್ವ, ಅವ್ವನಿಗೆ ಓರಗಿತ್ತಿ. ಎರಡು ಮನೆಗೂ ನಡುವೆ ಎದೆಮಟ್ಟದ ಗೋಡೆ. ಯಾರೋ ಪುಣ್ಯಾತ್ಮ ಮೇಸ್ತ್ರಿ ಜಗಳಕ್ಕೆಂದೇ ಅಳತೆ ತೆಗೆದು ಕಟ್ಟಿದಂತಿತ್ತು: ಆಚೆ ದಾಟುವ ಹಾಗಿಲ್ಲ, ಮುಖಕ್ಕೆ ಮುಖ ಕಾಣದಿರುವ ಹಾಗೂ ಇಲ್ಲ. ದಿನ ಬೆಳಗಾದರೆ ಇಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ನಿಂತುಬಿಡುತ್ತಿದ್ದರು. ಬಾಗಿದ ನುಗ್ಗೆಮರ, ಇತ್ತ ಬಂದ ಕೋಳಿ, ಅತ್ತ ಹಾರಿದ ಕಸ, ಯಾರ ಮದುವೆಯಲ್ಲೋ ಯಾರಿಗೋ ಕೊಡದ ಎಲೆ ಅಡಿಕೆ, ವಿಷಯಕ್ಕೇನು ಬರವೇ? ಇವಳು ಒಂದಂದರೆ ಅವಳು ಹತ್ತು. ಮುಗಿದ ಮೇಲೆ ಇಬ್ಬರೂ ಒಳಗೆ ಹೋಗಿ, ಹಸಿದ ಕೂಲಿಯವರ ಹಾಗೆ ಮುದ್ದೆ ಮುರಿಯುತ್ತಿದ್ದರು.

ಹೋದ ಚಳಿಗಾಲದಲ್ಲಿ ದೊಡ್ಡವ್ವ ತೀರಿಕೊಂಡಳು. ಅವ್ವ ಅಳಲಿಲ್ಲ. ಹೆಣದ ಮುಂದೆ ಕೂತು, “ಎದ್ದು ಒಂದ್ ಮಾತಾಡಮ್ಮಿ” ಎಂದಳು, ಅಷ್ಟೇ. ಆಮೇಲೆ ಅವ್ವ ಒಳ್ಳೆಯವಳಾದಳು. ನಗಬೇಡಿ, ನಮ್ಮ ಮನೆಗೆ ಬಂದ ದೊಡ್ಡ ಆಪತ್ತೇ ಅದು. ‘ಲಾ’ ಹೋಗಿ ‘ಅಪ್ಪ’ ಬಂತು. ಏನು ಕೇಳಿದರೂ “ಆಗ್ಲಿ ಕಣಪ್ಪ, ನಿನ್ನಿಷ್ಟ” ಎನ್ನತೊಡಗಿದಳು. ನೆಂಟರು ಬಂದವರೆಲ್ಲ, ಸಾಕಮ್ಮ ಎಷ್ಟು ಸಾಧುವಾಗಿಬಿಟ್ಟಳಲ್ಲ ಎಂದು ಹೊಗಳಿ, ಕಾಫಿ ಕುಡಿದು ಹೋದರು. ಮಳವಳ್ಳಿಯ ಆಸ್ಪತ್ರೆಯಲ್ಲಿ ನರ್ಸಾಗಿರುವ ನನ್ನ ಹೆಂಡತಿ ಗೀತಾ ಒಂದು ಸಂಜೆ ಬಿಳಿಚಿಕೊಂಡು ಬಂದು, “ರೀ, ಅತ್ತೆ ನನ್ ಸಾರು ಚೆನ್ನಾಗಿದೆ ಅಂದ್ರು. ಯಾವುದಕ್ಕೂ ಒಂದ್ಸಲ ಬಿ.ಪಿ. ನೋಡ್ಬಿಡ್ಲಾ?” ಎಂದಳು. ನೋಡಿದಳು. ಬಿ.ಪಿ. ಸರಿಯಾಗಿಯೇ ಇತ್ತು. ಡಾಕ್ಟರು ಏನೂ ಇಲ್ಲ, ವಯಸ್ಸು ಎಂದರು. ಅವರ ವಿದ್ಯೆಗೆ ನಿಲುಕದ್ದಕ್ಕೆಲ್ಲ ಅದೊಂದು ಹೆಸರು. ಅವ್ವನ ಮುದ್ದೆ ಮಾತ್ರ ದಿನದಿಂದ ದಿನಕ್ಕೆ ನಿಂಬೆಹಣ್ಣಿನ ಗಾತ್ರಕ್ಕೆ ಇಳಿಯುತ್ತಿತ್ತು. ಅವಳು ಹೀಗೇ ಮರ್ಯಾದೆಯಾಗಿ, ಯಾರಿಗೂ ತೊಂದರೆ ಕೊಡದೆ, ಒಂದು ದಿನ ಹೊರಟೇಹೋಗುತ್ತಾಳೆಂದು ನನಗೆ ಭಯ ಹಿಡಿಯಿತು.

ಅಟ್ಟದ ಮೇಲೆ ಆ ಪೆಟ್ಟಿಗೆಯ ಮುಂದೆ ಕೂತಾಗ ನನಗೆ ಹೊಳೆದ ಉಪಾಯ ಇಷ್ಟೇ: ಅವ್ವನಿಗೆ ಸಿಟ್ಟು ಬರಿಸಬೇಕು. ಜಗತ್ತಿನ ಅತ್ಯಂತ ಅಸಹ್ಯ ಶಬ್ದವೆಂದು ಯಾವುದನ್ನು ನಂಬಿದ್ದಳೋ ಅದನ್ನೇ ಕೇಳಿಸಬೇಕು. ಹೆತ್ತ ತಾಯಿಯ ಆರೋಗ್ಯಕ್ಕಾಗಿ ಜನ ತಿರುಪತಿಗೆ ಮುಡಿ ಕೊಡುತ್ತಾರೆ, ವೈದ್ಯನಾಥಪುರದ ದೇವರಿಗೆ ಅಭಿಷೇಕ ಮಾಡಿಸುತ್ತಾರೆ. ನಾನು ಪಂಕ್ ಹಾಕಲು ಹೊರಟೆ.

ಮೈಕ್‌ಸೆಟ್ಟಿನವರೊಬ್ಬರಿಂದ ಎಂದೋ ಕೊಂಡ ಪ್ಲೇಯರು ತುಕ್ಕು ಹಿಡಿದಿತ್ತು. ಪೇಟೆಬೀದಿಯಲ್ಲಿ ಮಿಕ್ಸಿ, ಟಿ.ವಿ. ರಿಪೇರಿ ಮಾಡುವ ಗೆಳೆಯ ಅಪ್ಸರ್ ಅದನ್ನು ಬಿಚ್ಚಿ, ಎಣ್ಣೆ ಬಿಟ್ಟು, ಬೆಲ್ಟು ಹಾಕಿ, ಪರೀಕ್ಷೆಗೆಂದು ನಾನು ತಂದಿದ್ದ ತಟ್ಟೆಯನ್ನು ತಿರುಗಿಸಿದ. ಅರ್ಧ ಹಾಡಿಗೇ ಗಾಬರಿಯಾಗಿ ಆರಿಸಿದ. ಮತ್ತೆ ಬಿಚ್ಚಿದ, ಮತ್ತೆ ಜೋಡಿಸಿದ, ಮತ್ತೆ ಹಾಕಿದ. ಕೊನೆಗೆ ನನ್ನ ಮುಖ ನೋಡಿ, “ಸೆಟ್ಟಲ್ಲೇನೂ ಪ್ರಾಬ್ಲಮ್ ಇಲ್ಲ ಅಣ್ಣ. ಹಾಡೋರ್ಗೇ ಏನೋ ಆಗಿದೆ” ಎಂದ. ಪಂಕ್ ವಿಮರ್ಶೆಯಲ್ಲಿ ಇದಕ್ಕಿಂತ ಖಚಿತವಾದ ಮಾತನ್ನು ನಾನು ಓದಿಲ್ಲ.

ಭಾನುವಾರ ಬೆಳಿಗ್ಗೆ ಪ್ಲೇಯರನ್ನು ಜಗಲಿಗೇ ತಂದಿಟ್ಟೆ. ಅವ್ವ ಮನೆಗೋಡೆಗೆ ಬೆನ್ನು ಕೊಟ್ಟು ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. ಪೆಟ್ಟಿಗೆಯಲ್ಲೆಲ್ಲ ಅತಿ ದುಷ್ಟವಾದದ್ದನ್ನು ಆರಿಸಿ, ಸೌಂಡನ್ನು ಎಷ್ಟು ತಿರುಗುತ್ತದೋ ಅಷ್ಟೂ ತಿರುಗಿಸಿ, ಸೂಜಿ ಇಳಿಸಿದೆ. ಎದುರು ಮನೆಯ ನಾಯಿ ಎದ್ದು ಓಡಿತು. ನುಗ್ಗೆಮರದ ಕಾಗೆಗಳು ಸಾಮೂಹಿಕವಾಗಿ ರಾಜೀನಾಮೆ ಕೊಟ್ಟವು. ನಾನು ಬಯ್ಗುಳಕ್ಕೆ ಬೆನ್ನು ಗಟ್ಟಿಮಾಡಿ ನಿಂತೆ. ಹಾಡು ಮುಗಿಯಿತು. ಅವ್ವ ತಲೆ ಎತ್ತಿ, ಬಹಳ ಮೃದುವಾಗಿ ಹೇಳಿದಳು: “ಸಂದಾಗದೆ ಕಣಪ್ಪ.”

ಸಂದಾಗದೆ! ಚೆನ್ನಾಗಿದೆಯಂತೆ! ಲೋಕವನ್ನೇ ಧಿಕ್ಕರಿಸಿದ ಆ ಹುಡುಗರು ಈ ಮಾತು ಕೇಳಿದ್ದರೆ ಗಿಟಾರು ಮಾರಿ ಯಾವುದಾದರೂ ಬ್ಯಾಂಕು ಸೇರುತ್ತಿದ್ದರು. ನನ್ನ ಯೌವನದ ಬಂಡಾಯವನ್ನೆಲ್ಲ ನಮ್ಮವ್ವ ಒಂದೇ ಮಾತಿನಲ್ಲಿ ಭಜನೆ ಮಾಡಿಬಿಟ್ಟಳು. ಇನ್ನೊಂದು ಹಾಕಿದೆ. “ಇದೂ ಸಂದಾಗದೆ.” ಮತ್ತೊಂದು. “ಪಾಪ, ಗಂಟ್ಲು ನೋವು ಬರಲ್ವೇನಪ್ಪ ಅವ್ರ್ಗೆ?” ನನಗೆ ಅಳು ಬಂತು. ಆದರೂ ಹಠಕ್ಕೆ ಬಿದ್ದು ನಾಲ್ಕನೆಯದನ್ನು ಹಾಕಿದೆ.

ಆಗ ಗೋಡೆಯ ಆಚೆ ಶೋಭಾ ಕಾಣಿಸಿಕೊಂಡಳು. ದೊಡ್ಡವ್ವನ ಸೊಸೆ, ಹುಟ್ಟೂರು ಇಲ್ಲೇ ಹತ್ತಿರದ ದುದ್ದ, ಕೆಲಸ ಖಾಸಗಿ ಶಾಲೆಯಲ್ಲಿ ಟೀಚರು. ಬಿ.ಎಡ್. ಮಾಡುವಾಗಲೇ ತನ್ನ ಊರನ್ನು ನಾಲಿಗೆಯಿಂದ ತೊಳೆದುಕೊಂಡು, ಪಾಠಪುಸ್ತಕದ ಕನ್ನಡ ಮಾತಾಡುವ ಸಭ್ಯ ಹೆಣ್ಣುಮಗಳು. “ಭಾವ, ದಯವಿಟ್ಟು ಸ್ವಲ್ಪ ಶಬ್ದ ಕಡಿಮೆ ಮಾಡ್ತೀರಾ? ಉತ್ತರಪತ್ರಿಕೆ ತಿದ್ದುತ್ತಾ ಇದ್ದೀನಿ” ಎಂದಳು. ನ್ಯಾಯವಾದ ಮಾತು. ನಾನು ಕೈ ಚಾಚಿದೆ.

“ಯಾಕ್ ಕಮ್ಮಿ ಮಾಡ್ಬೇಕು?” ಎಂದಿತು ಒಂದು ದನಿ.

ಅವ್ವ! ಮೊರದಿಂದ ಕಣ್ಣೆತ್ತದೆ ಮುಂದುವರಿಸಿದಳು: “ನಮ್ಮನೆ, ನಮ್ಮ ಕರೆಂಟು, ನಮ್ ಹೈದ ಏನಾರ ಆಕ್ಕತಾನೆ. ನೀನು ಕೋಳಿ ಕೂಗಾಕ್ ಮುಂಚೆ ಮಿಕ್ಸಿ ತಿರುವ್ತೀಯಲ್ಲ, ಅದೇನ್ ಸಂಗೀತವಾ?”

“ಮಿಕ್ಸಿ ಹಾಕದೆ ಚಟ್ನಿ ಆಗುತ್ತಾ ಚಿಕ್ಕತ್ತೆ?”

“ಒಳ್ಕಲ್ಲು ಇಲ್ವಾ? ನಿಮ್ಮತ್ತೆ ರುಬ್ತಿರ್ಲಿಲ್ವಾ?”

ಅತ್ತೆಯ ಹೆಸರು ಕೇಳಿದ್ದೇ ಶೋಭಾಳ ಮುಖ ಬದಲಾಯಿತು. ಕೆಂಪು ಪೆನ್ನನ್ನು ಗೋಡೆಯ ಮೇಲೆ ಕುಟ್ಟಿದಳು. ಅದುಮಿಟ್ಟಿದ್ದ ದುದ್ದ ಒಂದೇ ಏಟಿಗೆ ಹೊರಗೆ ಬಂತು: “ನಮ್ಮತ್ತೆ ಸುದ್ದಿ ಎತ್ಬ್ಯಾಡಿ! ಅವ್ರ್ ಬದ್ಕಿದ್ದಾಗ ಒಂದಿನಾನಾರ ನೆಮ್ದಿಯಾಗಿರಾಕ್ ಬುಟ್ರಾ ನೀವು? ಬೆಳಗಾದ್ರೆ ಸಾಕು, ಈ ಗೋಡೆತಾವ ನಿಂತ್ಕಂಡು ಬಾಯ್ ಮಾಡಿದ್ದೇ ಬಾಯ್ ಮಾಡಿದ್ದು!”

ಅವ್ವ ಮೊರ ಪಕ್ಕಕ್ಕಿಟ್ಟು, ಮಂಡಿಗೆ ಕೈಕೊಟ್ಟು ಎದ್ದು, ಗೋಡೆಯವರೆಗೂ ನಡೆದಳು.

“ಬುಡ್ನಿಲ್ಲ ಕಣಮ್ಮಿ” ಎಂದಳು. “ಅವ್ಳೂ ನನ್ನ ಬುಡ್ನಿಲ್ಲ. ನಾ ಒಂದಂದ್ರೆ ಅತ್ತು ಅಂತಿದ್ಲು. ನನ್ ಸರಿಸಮಕ್ಕೆ ಬಾಯ್ ಮಾಡ್ದೋಳ ಮನೆ ಕಣಮ್ಮಿ ಅದು! ಈಗ ನೋಡಿದ್ರೆ ಆ ಮನೆಯಿಂದ ಏನ್ ಬತ್ತದೆ? ದಯವಿಟ್ಟು ಬತ್ತದೆ! ಒಬ್ರಾದ್ರೂ ಒಂದ್ ಮಾತಾಡ್ತೀರಾ ನನ್ ಜತೆ? ನಾನೇನ್ ಗೋಡೆ ಜತೆ ಜಗ್ಳ ಆಡ್ಲಾ?”

ಶೋಭಾಳ ಕಣ್ಣು ತುಂಬಿತು. ಆದರೆ ಅವಳೂ ಮಂಡ್ಯದವಳೇ ತಾನೆ, ಒರೆಸಿಕೊಳ್ಳದೆಯೇ ದನಿ ಏರಿಸಿದಳು: “ಮಾತಾಡ್ದೆ ಏನು, ನಮ್ಗೂ ಬಾಯದೆ! ಮೊದ್ಲು ಆ ದರಿದ್ರದ್ ಸೌಂಡ್ ನಿಲ್ಸಿ!”

“ನಿಲ್ಸಾಕಿಲ್ಲ, ಏನ್ ಮಾಡ್ಕತೀಯೋ ಮಾಡ್ಕೋ ಓಗು!”

ತಟ್ಟೆ ಮುಗಿದು ಆಗಲೇ ಬಹಳ ಹೊತ್ತಾಗಿತ್ತು. ಅದು ಅವರಿಬ್ಬರಿಗೂ ಬೇಕಾಗಿರಲಿಲ್ಲ. ಮಿಕ್ಸಿಯಿಂದ ವಾಷಿಂಗ್ ಮೆಷಿನ್ನಿನ ನೊರೆನೀರಿಗೆ, ಅಲ್ಲಿಂದ ದಾರಿಗಡ್ಡ ನಿಲ್ಲಿಸಿದ ಸ್ಕೂಟರಿಗೆ ಜಗಳ ಸರಾಗವಾಗಿ ಹರಿಯಿತು. ಒಬ್ಬಳು ಅರಚಿದರೆ ಇನ್ನೊಬ್ಬಳು ಎತ್ತಿಕೊಳ್ಳುತ್ತಿದ್ದಳು, ಎಲ್ಲೂ ಲಯ ತಪ್ಪಲಿಲ್ಲ. ಕಂಬಕ್ಕೊರಗಿ ಬಾಯಿ ತೆರೆದುಕೊಂಡು ಕೇಳುತ್ತಿದ್ದ ನನ್ನ ಮೇಲೆ ಕೊನೆಗೆ ಅವ್ವನ ಕಣ್ಣು ಬಿತ್ತು.

“ನೀನೇನ್ಲಾ ಇಂಗ್ ನಿಂತಿದೀಯ, ಬೊಡ್ಡಿಹೈದ್ನೆ! ಅವ್ವಂಗೆ ಒಂದ್ ಲೋಟ ನೀರ್ ಕೊಡಾಕಾಗಲ್ವಾ? ನಿನ್ ಬಾಯಿಗ್ ಮಣ್ಣಾಕ!”

ಸ್ವಾಮಿ, ‘ಲಾ’ ಎಂದಳು! ನೀರು ತರಲು ಒಳಗೆ ಓಡಿದವನು ಬಿಂದಿಗೆಯ ಮುಂದೆ ನಿಂತು ಚಿಕ್ಕ ಮಗುವಿನ ಹಾಗೆ ಅತ್ತುಬಿಟ್ಟೆ. ಆ ಮಧ್ಯಾಹ್ನ ಅವ್ವ, ಸಾರಿಗೆ ಉಪ್ಪಿಲ್ಲವೆಂದು ಗೀತಾಳನ್ನು ತರಾಟೆಗೆ ತೆಗೆದುಕೊಂಡು, ಎರಡನೆಯ ಮುದ್ದೆ ಹಾಕಿಸಿಕೊಂಡಳು. ಗೀತಾ ಬಡಿಸುತ್ತಾ ನನ್ನ ಕಡೆ ನೋಡಿ ನಕ್ಕಳು.

ಮಾರನೆಯ ಬೆಳಿಗ್ಗೆ ನಾನು ಮದ್ದೂರಿನ ಟ್ರೈನಿಗೆ ಹೊತ್ತಾಯಿತೆಂದು ಶೂ ಹಾಕಿಕೊಳ್ಳುತ್ತಿದ್ದೆ. ಅವ್ವ ಬಾಗಿಲಲ್ಲಿ ಬಂದು ನಿಂತು, ಆಚೆ ಈಚೆ ನೋಡಿ, ದನಿ ತಗ್ಗಿಸಿ ಕೇಳಿದಳು:

“ಏನ್ಲಾ, ಇವತ್ ಆಕಾಕಿಲ್ವಾ?”

“ಏನವ್ವಾ?”

“ಅದೇ ಕಣ್ಲಾ, ಬಯ್ಯೋ ತಟ್ಟೆ. ಅವ್ಳು ಬಟ್ಟೆ ಒಣಗಾಕಾಕ್ ಬಂದವ್ಳೆ. ಬಿರ್‍ನೆ ಆಕು, ಒಳಿಕ್ಕೋಗ್ಬುಟ್ಟಾಳು” ಎಂದು, ಸೆರಗನ್ನು ಸೊಂಟಕ್ಕೆ ಬಿಗಿದು ಗೋಡೆಯ ಕಡೆಗೆ ಹೊರಟಳು.