ಎತ್ತಿಗೆ ಕೊಟ್ಟ ನೀರು

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಸವದತ್ತಿ ತಾಲೂಕಿನ ಒಂದು ಹಳ್ಳಿಯಲ್ಲಿ ನರ್ಸಾಗಿದ್ದೆ. ಊರ ಬಾವಿಯ ನೀರು ಸವುಳು, ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ. ಆ ವರ್ಷ ದಲಿತರ ಕೇರಿಯಲ್ಲಿ ಸರ್ಕಾರ ತೋಡಿಸಿದ ಬಾವಿಯಲ್ಲಿ ಸಿಹಿನೀರು ಬಿತ್ತು. ಊರ ಸಾಹುಕಾರರಿಗೆ ಅದು ಸಹನವಾಗಲಿಲ್ಲ. ಹಾಗೆಂದು ಅವರು ಬಾಯಿಬಿಟ್ಟು ಹೇಳಿದವರಲ್ಲ. ಸೋಮವಾರ ತಪ್ಪದೆ ಮಠಕ್ಕೆ ಹೋಗಿ ಬರುವವರು, ದಾರಿಯಲ್ಲಿ ಮಕ್ಕಳು ಕಂಡರೆ ಜೇಬಿನಿಂದ ಬತ್ತಾಸು ತೆಗೆದು ಕೊಡುವವರು.

ಬೇಸಿಗೆಯ ಒಂದು ಬೆಳಿಗ್ಗೆ ಕೇರಿಯ ಮುದುಕಿಯೊಬ್ಬಳು ಏದುಸಿರು ಬಿಡುತ್ತ ಬಂದಳು. ಎಲ್ಲರೂ ಆಕೆಯನ್ನು ಆಯಿ ಎನ್ನುತ್ತಿದ್ದರು, ನರ್ಸಾದ ನನ್ನನ್ನು ಬಾಯಾರು.

"ಬಾಯಾರ, ಲಗೂನ ಬರ್ರಿ. ಮೊಮ್ಮಗಳು ವಾಂತಿ ಮಾಡ್ಕೊಳ್ಳಾಕ ಹತ್ಯಾಳ."

ಹೋಗಿ ನೋಡಿದರೆ ಏಳೆಂಟು ಮನೆಗಳ ಮಕ್ಕಳದು ಅದೇ ಸ್ಥಿತಿ. ಎರಡು ದಿನದಿಂದ ನೀರಿಗೆ ವಾಸನೆ ಇತ್ತಂತೆ. ಹೊಸ ಬಾವಿ, ಮಣ್ಣಿನ ವಾಸನೆ ಇರಬೇಕೆಂದು ಕುಡಿದಿದ್ದರು. ಗಂಡಸರು ಕಬ್ಬಿಣದ ಕೊಂಡಿಗಳ ಪಾತಾಳಗರಡಿ ಬಿಟ್ಟು ಎಳೆದಾಗ ಉಬ್ಬಿದ ನಾಯಿಯ ಹೆಣ ಮೇಲೆ ಬಂತು. ಚರ್ಮ ಕೊಂಡಿಗೆ ಅಂಟಿ ಕಿತ್ತುಬರುತ್ತಿತ್ತು. ಕೊರಳಲ್ಲಿ ಹೊಸ ಹಗ್ಗ, ಹಗ್ಗದ ತುದಿಗೆ ಒಡೆದ ಬೀಸುಕಲ್ಲಿನ ಹೋಳು. ಸಾಹುಕಾರರ ದನದ ಕೊಟ್ಟಿಗೆ ಬಳಿಯಲು ಹೋಗುತ್ತಿದ್ದ ಆಯಿ ಆ ಕಲ್ಲನ್ನು ಗುರುತಿಸಿದಳು. ಅವರ ಹಿತ್ತಲಲ್ಲಿ ಬಿದ್ದಿದ್ದ ಕಲ್ಲು ಅದು. ಆ ನೀರು ಮುಟ್ಟಬೇಡಿರೆಂದು ಹೇಳಿ ನಾನು ಮಕ್ಕಳ ಕಡೆ ಹೋದೆ.

ಮಧ್ಯಾಹ್ನ ಸಾಹುಕಾರರು ದವಾಖಾನೆಗೆ ಬಂದರು. ಮಕ್ಕಳು ಹೇಗಿದ್ದಾರೆ ಎಂದು ಕೇಳಿದರು. ಅವರ ಮುಖದಲ್ಲಿ ನಿಜವಾದ ಕಳವಳವಿತ್ತು. ನಾಯಿಗಿಂತ ಅದೇ ನನಗೆ ಹೆಚ್ಚು ಹೇಸಿಗೆಯಾಯಿತು.

"ತಾಲೂಕಿಗೆ ಬರದು ಕಳಸ್ತೀರೇನ್ರಿ ಬಾಯಾರ?"

"ಕಳಸಬೇಕ್ರಿ."

"ನಾಯಿ ಕಾಲು ಜಾರಿ ಬಿದ್ದೈತಿ ಅಂತ ಬರೀರಿ. ಪಾಪ, ಮೂಕ ಪ್ರಾಣಿ. ನೀವೂ ಒಬ್ಬರ ಇರ್ತೀರಿ ಊರಾಗ."

ಅವರ ಕಣ್ಣೆದುರೇ ಹಾಗೆ ಬರೆದೆ.

ನರ್ಸಿಂಗ್ ಕಲಿಯುವಾಗ ಜೊತೆಗಿದ್ದ ಕ್ರೈಸ್ತ ಗೆಳತಿ ನನಗೊಂದು ಬೈಬಲ್ ಕೊಟ್ಟಿದ್ದಳು. ಆ ಸಂಜೆ ಅದನ್ನು ತೆಗೆದು ಅವಳು ಗುರುತು ಹಾಕಿದ್ದ ಕೀರ್ತನೆ ಓದಿದೆ. ಮೊದಲು ದುಷ್ಟನ ಮಾತು ಬರುತ್ತದೆ. ತನ್ನನ್ನು ತಾನೇ ಮೆಚ್ಚಿಕೊಂಡು ತನ್ನ ಪಾಪ ಕಾಣದವನು, ಮಲಗಿದಲ್ಲೂ ಕೇಡು ಹೂಡುವವನು. ಅಷ್ಟು ಮಾತ್ರ ಚೆನ್ನಾಗಿ ಅರ್ಥವಾಯಿತು. ಸಾಹುಕಾರರ ಪಕ್ಕದಲ್ಲಿ ನನ್ನನ್ನೂ ಕಂಡೆ. ಆಮೇಲೆ, ನಡುವೆ ಒಂದು ಸೇತುವೆಯೂ ಇಲ್ಲದೆ, ದೇವರ ಪ್ರೀತಿ ಆಕಾಶ ಮುಟ್ಟುವಷ್ಟು ದೊಡ್ಡದು, ಆತ ಮನುಷ್ಯರನ್ನೂ ದನಕರುಗಳನ್ನೂ ಕಾಯುತ್ತಾನೆ, ಜೀವದ ಬುಗ್ಗೆ ಆತನ ಬಳಿ ಇದೆ ಎಂದು ಬರುತ್ತದೆ. ಬುಗ್ಗೆ ಎಂದು ಓದಿದ್ದೇ ಕೊಂಡಿಗೆ ಅಂಟಿದ ಚರ್ಮ ಕಣ್ಣಿಗೆ ಕಟ್ಟಿತು. ಪುಸ್ತಕ ಮುಚ್ಚಿಟ್ಟೆ.

ವಾರದಲ್ಲಿ ಮಕ್ಕಳು ಚೇತರಿಸಿಕೊಂಡರು. ಬಾವಿ ಬರಿದು ಮಾಡಿ ಬ್ಲೀಚಿಂಗ್ ಪುಡಿ ಹಾಕಿದೆವು. ತಿಂಗಳೊಪ್ಪತ್ತಿನಲ್ಲಿ ಊರ ಬಾವಿ ಬತ್ತಿತು. ಸಾಹುಕಾರರ ಆಳು ಅವರ ಜೋಡೆತ್ತು ಹೊಡೆದುಕೊಂಡು ಕೇರಿಗೆ ಬಂದ. ಆಯಿ ಕೊಡದ ಮೇಲೆ ಕೊಡ ಸೇದಿ ಕಲ್ಲಿನ ಬಾನಿಗೆ ಸುರಿದಳು. ನನಗೆ ಆಕೆಯ ಮೇಲೆಯೇ ಸಿಟ್ಟು ಬಂತು.

"ಅವನ ಎತ್ತಿಗೆ ನೀರು ಹಾಕ್ತಿಯೇನಬೇ ಆಯಿ?"

"ಅವಂಗ ಎಲ್ಲಿ ಕೊಟ್ಟೇನ್ರಿ? ಎತ್ತಿಗೆ ಕೊಟ್ಟೇನಿ. ಅವು ಏನ ಮಾಡ್ಯಾವ?"

ಆಕೆ ಯಾವ ಕೀರ್ತನೆಯನ್ನೂ ಕೇಳಿದವಳಲ್ಲ. ಮುಖದಲ್ಲಿ ಕ್ಷಮೆಯೂ ಇರಲಿಲ್ಲ. ಎತ್ತಿನ ಬೆನ್ನು ಚಪ್ಪರಿಸಿದಳು, ಸಾಹುಕಾರರ ಮನೆಯ ಕಡೆಗೆ ತಿರುಗಿ ಉಗುಳಿದಳು, ಮತ್ತೆ ಹಗ್ಗ ಇಳಿಬಿಟ್ಟಳು.

ಮರುವರ್ಷ ನನಗೆ ಬೈಲಹೊಂಗಲಕ್ಕೆ ವರ್ಗವಾಯಿತು. ಬೀಳ್ಕೊಡುವಾಗ ಸಾಹುಕಾರರೇ ಹಾರ ಹಾಕಿದರು. ಕೇರಿಯ ಕೂಸುಗಳು ನನ್ನಿಂದ ಉಳಿದವೆಂದು ಹೊಗಳಿದರು. ಜನ ಚಪ್ಪಾಳೆ ತಟ್ಟಿದರು, ನಾನು ಕೈಮುಗಿದೆ.

ಹೊಸ ಊರಿಗೆ ಹೋದ ಮೊದಲ ವಾರವೇ ಹಗ್ಗ, ಕಲ್ಲು ಎಲ್ಲವನ್ನೂ ಬರೆದು ಮೇಲಿನವರಿಗೆ ಕಳಿಸಿದೆ. ಎರಡು ಸಾಲಿನ ಉತ್ತರ ಬಂತು. ನಾಯಿ ತಾನಾಗಿ ಬಿದ್ದಿದೆಯೆಂದು ಈ ಹಿಂದೆ ತಾವೇ ವರದಿ ಮಾಡಿದ್ದೀರಿ, ವಿಷಯ ಮುಗಿದಿದೆ ಎಂದಿತ್ತು. ಕೆಳಗೆ ನನ್ನದೇ ವರದಿಯ ಪ್ರತಿ ಲಗತ್ತಾಗಿತ್ತು, ದುಂಡನೆಯ ಅಕ್ಷರ, ಒಂದು ಚಿತ್ತೂ ಇಲ್ಲ.